ಹಳೆಯ ಡೆಸ್ಕ್‌ಟಾಪ್‌ನ ಹಾರ್ಡ್ ಡಿಸ್ಕ್ ಬದಲಿಸುವ ಮುನ್ನ ಮತ್ತು ಬದಲಿಸುವಾಗ

ಹತ್ತು ಹನ್ನೆರಡು ವರ್ಷ ದುಡಿದ ಡೆಸ್ಕ್‌ಟಾಪ್‌ನಲ್ಲಿ ಕೆಟ್ಟ ಹಾರ್ಡ್ ಡಿಸ್ಕನ್ನು ಬಿಚ್ಚಿ ಹೊಸದನ್ನು ಕೂರಿಸಲು ಅರ್ಧ ಗಂಟೆ ಸಾಕು. ಆದರೆ ಆ ಅರ್ಧ ಗಂಟೆಗೂ ಮುನ್ನ ಕೊನೆಯುಸಿರೆಳೆಯುತ್ತಿರುವ ಡಿಸ್ಕ್‌ನ ಮೇಲೆ ಸಿಕ್ಕಸಿಕ್ಕ ಪ್ರಯೋಗಗಳನ್ನು ನಡೆಸಿ, ಉಳಿಸಬಹುದಾಗಿದ್ದ ಫೋಟೊಗಳನ್ನೂ ಲೆಕ್ಕಪತ್ರಗಳನ್ನೂ ಕಳೆದುಕೊಂಡವರನ್ನು ಬಹಳ ಮಂದಿ ಕಂಡಿದ್ದೇನೆ. ಆದ್ದರಿಂದ ಸ್ಕ್ರೂಡ್ರೈವರ್ ಹಿಡಿಯುವ ಮುಂಚಿನ ಕೆಲಸವನ್ನೇ ಇಲ್ಲಿ ಹೆಚ್ಚು ವಿವರಿಸಿದ್ದೇನೆ.

ಮೊದಲು ಕೆಟ್ಟಿರುವುದು ಡಿಸ್ಕೇ ಹೌದೇ ಎಂದು ತಿಳಿಯಬೇಕು. ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್ ಸಡಿಲವಾದರೂ ಕಂಪ್ಯೂಟರ್ ಇದೇ ರೀತಿ ತಡವರಿಸುತ್ತದೆ. ಕೇಬಲ್ ಬದಲಿಸಿ ನೋಡಲು ಹೆಚ್ಚು ಖರ್ಚಿಲ್ಲ. ಪೆನ್ ಡ್ರೈವ್‌ನಿಂದ ಲಿನಕ್ಸ್ ಚಾಲೂ ಮಾಡಿ ಡಿಸ್ಕ್‌ನ ಸ್ಮಾರ್ಟ್ ವರದಿಯನ್ನು (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ಓದಿದರೆ, 5 ಮತ್ತು 197 ಎಂಬ ಗುರುತುಸಂಖ್ಯೆಯ ಸಾಲುಗಳ ಕೊನೆಯಲ್ಲಿರುವ ಎಣಿಕೆ ಏರುತ್ತಿದ್ದಲ್ಲಿ ದೋಷ ಡಿಸ್ಕ್‌ನದು. 199 ಎಂಬ ಗುರುತುಸಂಖ್ಯೆಯ ಸಾಲಿನದು ಮಾತ್ರ ಏರುತ್ತಿದ್ದಲ್ಲಿ ಅನುಮಾನ ಕೇಬಲ್‌ನ ಮೇಲೆ.

ಡಿಸ್ಕ್‌ನದೇ ದೋಷ ಎಂದಾದರೆ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಬೇಡಿ. ಅದು ಕಡತಗಳ ವ್ಯವಸ್ಥೆಯನ್ನು ಸರಿಪಡಿಸಲು ಅದೇ ರೋಗಿಷ್ಠ ಡಿಸ್ಕ್‌ಗೆ ಬರೆಯುತ್ತದೆ, ಓದಲಾಗದ ಕಡತಗಳ ನಂಟನ್ನೇ ಕಡಿದುಹಾಕಲೂಬಹುದು. ಫ್ರೀಜರ್‌ನಲ್ಲಿಡುವುದು, ಮೇಜಿಗೆ ತಟ್ಟುವುದು ಮುಂತಾದ ಮನೆಮದ್ದುಗಳೂ ಬೇಡ. ಡಿಸ್ಕ್‌ನಿಂದ ಒಂದೇ ಲಯದ ‘ಟಕ್ ಟಕ್’ ಸದ್ದು ಬರುತ್ತಿದ್ದರೆ ತಕ್ಷಣ ವಿದ್ಯುತ್ ತೆಗೆಯಿರಿ. ಓದುವ ಹೆಡ್ ಕೆಟ್ಟಿರುವ ಸಾಧ್ಯತೆ ಹೆಚ್ಚಿರುವುದರಿಂದ, ದತ್ತಾಂಶ ಅಮೂಲ್ಯವಾಗಿದ್ದರೆ ಧೂಳುರಹಿತ ಕೊಠಡಿಯಿರುವ ಪ್ರಯೋಗಾಲಯವೊಂದೇ ದಾರಿ.

ಸದ್ದಿಲ್ಲದೆ ಬರಿದೇ ನಿಧಾನವಾಗಿದ್ದರೆ ಹಳೆಯ ಡಿಸ್ಕನ್ನು ಪೂರ್ತಿಯಾಗಿ ಹೊಸದಕ್ಕೆ ನಕಲಿಸುವ ಕೆಲಸಕ್ಕೆ ಇಳಿಯಬಹುದು. ಅದಕ್ಕೂ ಮೊದಲು ಹೊಸ ಡಿಸ್ಕ್ ಕೊಳ್ಳಬೇಕಲ್ಲ. ನನ್ನ ಮಟ್ಟಿಗೆ ಅದು ಎಸ್‌ಎಸ್‌ಡಿಯೇ (ತಿರುಗುವ ಭಾಗಗಳಿಲ್ಲದೆ ಚಿಪ್‌ಗಳಲ್ಲಿ ದತ್ತಾಂಶವಿಡುವ ಡಿಸ್ಕ್) ಆಗಿರಬೇಕು. ಹಳೆಯ ಮದರ್‌ಬೋರ್ಡ್‌ನಲ್ಲಿ ನಿಧಾನಗತಿಯ ಹಳೆಯ ಸಾಟಾ 2 ಮಾತ್ರ ಇದ್ದರೂ ಅದು ಕೆಲಸ ಮಾಡುತ್ತದೆ, ಪೂರ್ಣ ವೇಗ ಸಿಗುವುದಿಲ್ಲ ಅಷ್ಟೇ. ಆದರೆ 500 ಜಿಬಿ ಹಾರ್ಡ್ ಡಿಸ್ಕ್‌ನ ಇಡೀ ನಕಲು 480 ಜಿಬಿ ಎಸ್‌ಎಸ್‌ಡಿಯಲ್ಲಿ ಹಿಡಿಯುವುದಿಲ್ಲ, 512 ಜಿಬಿಯದನ್ನೇ ಕೇಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಅನುಮಾನ ಬರುವಷ್ಟು ಅಗ್ಗದ ಡಿಸ್ಕ್ ಕಂಡರೆ, ಅದು ಈಗಾಗಲೇ ಎಷ್ಟು ಗಂಟೆ ಓಡಿದೆ ಎಂಬುದನ್ನು ಸ್ಮಾರ್ಟ್ ವರದಿಯಲ್ಲಿ ನೋಡಿಯೇ ಹಣ ಕೊಡಿ.

ಈಗ ಕೈತಪ್ಪುವ ಘಟ್ಟ. ಹಳೆಯ ಮತ್ತು ಹೊಸ ಡಿಸ್ಕ್‌ಗಳೆರಡನ್ನೂ ಮದರ್‌ಬೋರ್ಡ್‌ನ ಸಾಟಾ ಕಿಂಡಿಗಳಿಗೇ ಜೋಡಿಸಿ, ಪೆನ್ ಡ್ರೈವ್‌ನ ಲಿನಕ್ಸ್‌ನಿಂದ ಕಂಪ್ಯೂಟರ್ ಆರಂಭಿಸಿ, ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವನ್ನು ಬಳಸಬೇಕು. ಹಳೆಯ ಡಿಸ್ಕನ್ನು ಫೈಲ್ ಮ್ಯಾನೇಜರ್‌ನಲ್ಲಿ ತೆರೆದು ಇಣುಕುವ ಆಸೆಯನ್ನು ತಡೆದುಕೊಳ್ಳಿ. ಈ ತಂತ್ರಾಂಶಕ್ಕೆ ಮೊದಲು ಮೂಲ ಡಿಸ್ಕ್, ಆಮೇಲೆ ಗುರಿಯ ಡಿಸ್ಕ್, ಕೊನೆಗೆ ನಕಲಿನ ಲೆಕ್ಕವಿಡುವ ನಕ್ಷೆ ಕಡತ, ಇದೇ ಅನುಕ್ರಮದಲ್ಲಿ ಹೆಸರು ಕೊಡಬೇಕು. ಲಿನಕ್ಸ್ ಡಿಸ್ಕ್‌ಗಳಿಗಿಡುವ ‘ಎಸ್‌ಡಿಎ’, ‘ಎಸ್‌ಡಿಬಿ’ ಎಂಬ ಹೆಸರುಗಳು ಪ್ರತಿ ಸಲ ಆರಂಭಿಸಿದಾಗಲೂ ಅದಲುಬದಲಾಗಬಹುದಾದ್ದರಿಂದ, ಡಿಸ್ಕ್‌ನ ಮೇಲಿನ ಚೀಟಿಯಲ್ಲಿರುವ ಕ್ರಮಸಂಖ್ಯೆಯನ್ನು ಮೊದಲೇ ಕಾಗದದಲ್ಲಿ ಬರೆದುಕೊಂಡು, ಪರದೆಯ ಮೇಲಿನ ಸಂಖ್ಯೆಯೊಂದಿಗೆ ತಾಳೆ ನೋಡದೆ ಎಂಟರ್ ಒತ್ತಬಾರದು. ನನ್ನ ಸಂಬಂಧಿಕರೊಬ್ಬರು ಇವೆರಡನ್ನು ಅದಲುಬದಲು ಮಾಡಿ, ಖಾಲಿ ಡಿಸ್ಕ್‌ನ ಖಾಲಿತನವನ್ನೇ ಹಳೆಯದರ ಮೇಲೆ ನಕಲಿಸಿ, ಮಗಳ ಮದುವೆಯ ಫೋಟೊಗಳನ್ನೆಲ್ಲ ಕಳೆದುಕೊಂಡರು.

ಮೊದಲ ಸುತ್ತಿನಲ್ಲಿ ಕೆಟ್ಟ ಜಾಗಗಳನ್ನು ಕೆದಕದೆ ಹಾರಿಹೋಗುವ ಆಯ್ಕೆಯನ್ನು ಕೊಡಿ. ಚೆನ್ನಾಗಿರುವ ಭಾಗವೆಲ್ಲ ಹೊಸ ಡಿಸ್ಕ್ ಸೇರಿದ ಮೇಲಷ್ಟೇ ಎರಡನೇ ಸುತ್ತಿನಲ್ಲಿ ಉಳಿದ ಜಾಗಗಳನ್ನು ಮೂರು ಬಾರಿ ಓದಿಸಿ, ಅಲ್ಲಿಗೆ ನಿಲ್ಲಿಸಿ. ನಕ್ಷೆ ಕಡತವು ಎಲ್ಲಿಯವರೆಗೆ ಓದಿಯಾಯಿತು ಎಂಬ ಲೆಕ್ಕವನ್ನಿಡುತ್ತದೆ; ಅದು ಬೇರೊಂದು ಪೆನ್ ಡ್ರೈವ್‌ನಲ್ಲಿದ್ದರೆ ನಡುವೆ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಸಬಹುದು. ಕೆಲಸ ಇಡೀ ದಿನ ಹಿಡಿದರೂ ಹಿಡಿಯಬಹುದು. ಅಷ್ಟು ಹೊತ್ತೂ ಹಳೆಯ ಡಿಸ್ಕ್‌ನತ್ತ ಟೇಬಲ್ ಫ್ಯಾನ್ ತಿರುಗಿಸಿಡಿ. ಮೊದಲು ಬೇಡವೆಂದ ಚೆಕ್‌ಡಿಸ್ಕನ್ನು ನಂತರ ನಕಲಿನ ಮೇಲೆ ಧಾರಾಳವಾಗಿ ಓಡಿಸಬಹುದು.

ಇನ್ನು ಜೋಡಣೆ. ಪ್ಲಗ್ ಕಿತ್ತು, ಕ್ಯಾಬಿನೆಟ್‌ನ ಲೋಹವನ್ನೊಮ್ಮೆ ಮುಟ್ಟಿ, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ. ಎಸ್‌ಎಸ್‌ಡಿಗೆ ಸಣ್ಣ ಎಳೆಯ ಎಂ3 ಸ್ಕ್ರೂ ಬೇಕು. ಹಾರ್ಡ್ ಡಿಸ್ಕ್‌ನ ದಪ್ಪ ಎಳೆಯ ಸ್ಕ್ರೂವನ್ನು ಅದಕ್ಕೆ ತುರುಕಬೇಡಿ. ಪವರ್ ಸಪ್ಲೈನಲ್ಲಿ ಸಾಟಾ ವೈರ್ ಇಲ್ಲವೆಂದು ಹಳೆಯ ನಾಲ್ಕು ಪಿನ್ನಿನ ಮೊಲೆಕ್ಸ್‌ನಿಂದ ಪರಿವರ್ತಿಸುವ ಅಗ್ಗದ ತಂತಿ ತರುವವರು, ಪ್ಲಾಸ್ಟಿಕ್ ಅಚ್ಚಿನಲ್ಲಿ ಎರಕ ಹೊಯ್ದ ತಲೆಯದನ್ನು ಮಾತ್ರ ಕೊಳ್ಳಬಾರದು. ಅದರೊಳಗೆ ತಂತಿಗಳು ಒಂದಕ್ಕೊಂದು ತಗುಲಿ ಸುಟ್ಟಿರುವುದುಂಟು.

ನಕಲು ಡಿಸ್ಕ್‌ನಿಂದ ಮೊದಲ ಬಾರಿ ವಿಂಡೋಸ್ ಆರಂಭಿಸುವಾಗ ಹಳೆಯದು ಜೋಡಿಸಿರಬಾರದು, ಏಕೆಂದರೆ ಎರಡರ ಗುರುತೂ ಒಂದೇ ಆಗಿದ್ದು ವಿಂಡೋಸ್ ಗೊಂದಲಕ್ಕೆ ಬೀಳುತ್ತದೆ. ಬಯಾಸ್‌ನಲ್ಲಿ (ಕಂಪ್ಯೂಟರ್ ಆರಂಭವಾಗುವಾಗ ತೆರೆಯಬಹುದಾದ ಸೆಟ್ಟಿಂಗ್‌ಗಳ ಪರದೆ) ಯಾವ ಡಿಸ್ಕ್‌ನಿಂದ ಮೊದಲು ಆರಂಭಿಸಬೇಕೆಂಬ ಬೂಟ್ ಅನುಕ್ರಮವನ್ನು ಸರಿಪಡಿಸಿ, ಆದರೆ ಸಾಟಾ ಡಿಸ್ಕ್ ನಡೆಸುವ ವಿಧಾನ ಐಡಿಇ ಎಂದಿರುವುದನ್ನು ಎಎಚ್‌ಸಿಐಗೆ ಬದಲಿಸಬೇಡಿ. ಸಿದ್ಧತೆಯಿಲ್ಲದೆ ಬದಲಿಸಿದರೆ ಹಳೆಯ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತುಬಿಡುತ್ತದೆ. ಕಂಪ್ಯೂಟರ್‌ನ ಗಡಿಯಾರ ಹಿಂದೆಬಿದ್ದಿದ್ದರೆ ಮದರ್‌ಬೋರ್ಡ್‌ನ ಮೇಲಿರುವ ನಾಣ್ಯದಾಕಾರದ ಸಿಆರ್2032 ಬ್ಯಾಟರಿಯನ್ನೂ ಇದೇ ಸಮಯದಲ್ಲಿ ಬದಲಿಸಿ. ಹಳೆಯ ಡಿಸ್ಕ್‌ಗೆ ದಿನಾಂಕದ ಚೀಟಿ ಅಂಟಿಸಿ ಒಂದೆರಡು ತಿಂಗಳು ಬೀರುವಿನಲ್ಲಿಡಿ. ಬೇಕಾದ ಕಡತಗಳೆಲ್ಲ ಹೊಸದರಲ್ಲಿ ತೆರೆದುಕೊಳ್ಳುತ್ತಿವೆ ಎಂದು ಖಾತ್ರಿಯಾಗುವವರೆಗೆ ಅದನ್ನು ಗುಜರಿಗೆ ಹಾಕಬೇಡಿ.