ಫೋನು ಹೇಳಿದಾಗ ಏಳು: ಅಗರದಿಂದ ಮಾರತಹಳ್ಳಿಗೆ ಒಬ್ಬರೇ

"ಆಟೋ ಮಾಡ್ಸಿಬಿಡಿ ಮೇಡಂ, ಬಸ್ಸು ಇವರ ಕೈಲಾಗಲ್ಲ" ಎಂದವರೇ ಹೆಚ್ಚು. ಆಟೋಗೆ ತಿಂಗಳಿಗೆ ಆರೇಳು ಸಾವಿರ. ಬೌದ್ಧಿಕ ಅಂಗವೈಕಲ್ಯವಿರುವ ಮೂವರಿಗೆ ಬೆಂಗಳೂರಿನ ಬಸ್ಸಿನಲ್ಲಿ ಒಬ್ಬರೇ ಓಡಾಡುವುದನ್ನು ಕಲಿಸಿದೆ. ಇಬ್ಬರು ಈಗ ಅಗರದಲ್ಲಿ 500-ಡಿ ಬಸ್ಸು ಹತ್ತಿ ಮಾರತಹಳ್ಳಿಗೆ ಒಬ್ಬರೇ ಹೋಗಿ ಬರುತ್ತಾರೆ. ಹಂತ ಹಂತವಾಗಿ ಕಲಿಸುವುದು, ನೆರವು ಕಡಿಮೆ ಮಾಡುತ್ತ ಬರುವುದು ಇಂಥವರಿಗೆ ಕಲಿಸುವ ನಿಮಗೆಲ್ಲ ಗೊತ್ತು, ಅದನ್ನು ಬಿಡುತ್ತೇನೆ. ಎಡವಿದ್ದು, ಇಳಿಯುವ ಸ್ಟಾಪು ಬಂತೆಂದು ಹೇಳಬೇಕಾದ ಫೋನಿನಲ್ಲಿ.

ಹಳೆಯ ಆಂಡ್ರಾಯ್ಡ್ ಫೋನು, ಸೆಕೆಂಡ್‌ಹ್ಯಾಂಡ್, ಸುಮಾರು ನಾಲ್ಕೂವರೆ ಸಾವಿರ. ಮ್ಯಾಕ್ರೋಡ್ರಾಯ್ಡ್ ಆ್ಯಪ್, ಉಚಿತ ಆವೃತ್ತಿಯಲ್ಲಿ ಐದೇ ಮ್ಯಾಕ್ರೋ (ಇಂಥ ಜಾಗ ಬಂದರೆ ಇಂಥ ಮಾತು ಹೇಳು ಎಂಬ ಆದೇಶ), ಹೋಗಲು ಎರಡು, ಬರಲು ಎರಡು, ಅಷ್ಟು ಸಾಕು. ಮೊದಲು ನಕ್ಷೆಯಲ್ಲಿ ಇಳಿಯುವ ಸ್ಟಾಪಿನ ಮೇಲೆಯೇ ನೂರು ಮೀಟರ್ ವೃತ್ತ ಹಾಕಿದೆ, ಅದರೊಳಗೆ ಬಂದಾಗ ಫೋನು ಮಾತಾಡಬೇಕು. ಐದು ಪ್ರಯಾಣದಲ್ಲಿ ನಾಲ್ಕು ಸಲ ಸ್ಟಾಪು ದಾಟಿದ ಮೇಲೆ ಫೋನು ಮಾತಾಡಿತು. ಪರದೆ ಆರಿದಾಗ ಆಂಡ್ರಾಯ್ಡ್ ಬ್ಯಾಟರಿ ಉಳಿಸಲು ಜಾಗ ನೋಡುವುದೇ ಎರಡು ಮೂರು ನಿಮಿಷಕ್ಕೊಮ್ಮೆ. ಗಂಟೆಗೆ 30 ಕಿ.ಮೀ. ವೇಗದ ಬಸ್ಸು ಎರಡು ನಿಮಿಷದಲ್ಲಿ ಒಂದು ಕಿ.ಮೀ. ಹೋಗಿರುತ್ತದೆ. ವೃತ್ತವನ್ನು ಹಿಂದಕ್ಕೆ, ಮಾರತಹಳ್ಳಿಗೆ ಮುಂಚೆ ಬರುವ ಕಾಡುಬೀಸನಹಳ್ಳಿಗೆ ಸರಿಸಿ 300 ಮೀಟರ್ ಮಾಡಿದೆ. ಲೊಕೇಶನ್ ಅನುಮತಿ 'ಸದಾಕಾಲ' ಇರಬೇಕು, ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆಯಬೇಕು, ಆಟೋಸ್ಟಾರ್ಟ್ (ಆ್ಯಪ್ ತಾನೇ ಶುರುವಾಗುವುದು) ಆನ್ ಇರಬೇಕು. ಮೂರರಲ್ಲಿ ಒಂದು ಬಿಟ್ಟರೂ ಎರಡು ದಿನ ಚೆನ್ನಾಗಿದ್ದು ಮೂರನೇ ದಿನ ಕೈಕೊಡುತ್ತದೆ.

ಆಗ ಹೊಸ ತಲೆನೋವು. "ಏಳು, ಬಾಗಿಲ ಹತ್ತಿರ ಹೋಗು" ಎಂದಿತು, ಟ್ರಾಫಿಕ್ ಹತ್ತು ನಿಮಿಷ ಕದಲಲಿಲ್ಲ, ಸಿಗ್ನಲ್ಲಿನಲ್ಲಿ ಬೇರೆಯವರು ಇಳಿದಾಗ ನಮ್ಮವರೂ ಇಳಿದರು. ಈಗ ಎರಡು ವೃತ್ತ. ಮೊದಲನೆಯದು "ಬ್ಯಾಗ್ ಹಾಕ್ಕೋ" ಅಷ್ಟೇ, ಕೂತಲ್ಲೇ. ಎರಡನೆಯದು ಸ್ಟಾಪಿಗೆ ಅರ್ಧ ಕಿ.ಮೀ. ಮುಂಚೆ: "ಏಳು." ಈ ಎರಡನೆಯದಕ್ಕೆ ಮಾತ್ರ ಜಾಗ ನೋಡುವ ಅವಧಿ ಚಿಕ್ಕದು ಮಾಡಿದ್ದೇನೆ, ಇಲ್ಲದಿದ್ದರೆ ಮತ್ತೆ ತಡ, ಚಾರ್ಜ್ ಬೇಗ ಖಾಲಿಯಾಗುತ್ತದೆ, ಆಗಲಿ. ಒಂದು ಧ್ವನಿಗೆ ಒಂದೇ ಕೆಲಸ. ತಾಯಿಯ ಧ್ವನಿಯಲ್ಲಿ ರೆಕಾರ್ಡ್ ಮಾಡಿದ್ದು ತಪ್ಪಾಯಿತು, ಒಬ್ಬಳು ಬಸ್ಸಲ್ಲೇ ಅಮ್ಮನನ್ನು ಹುಡುಕತೊಡಗಿದಳು. ಯಾರ ಧ್ವನಿ ಹಾಕಿದೆ, ಬಾಗಿಲಲ್ಲಿ ಹೆದರಿ ನಿಂತವರಿಗೆ ಯಾವ ಪದ ಇಟ್ಟೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಒಬ್ಬೊಬ್ಬರಿಗೆ ಒಂದೊಂದು.

ಇಯರ್‌ಫೋನ್ ಒಂದೇ ಕಿವಿಗೆ, ವೈರ್ ಇರುವುದು, ನೂರೈವತ್ತರ ಒಳಗೆ. ಬ್ಲೂಟೂತಿನದು ಎರಡು ಕಳೆದವು. ಕೈಗೆ ಕಂಪಿಸುವ ಬ್ಯಾಂಡ್ ಕಟ್ಟಿ ನೋಡಿದೆ, ಸಾವಿರದೈನೂರು ದಂಡ: ವಾಟ್ಸಾಪ್ ಬಂದರೂ ನಡುಗುತ್ತದೆ, ಯಾವ ನಡುಕ ಇಳಿಯಲು ಎಂದು ತಿಳಿಯುವುದು ಹೇಗೆ?

ಬಸ್ಸಿನ ಎಲ್ಇಡಿ ಬೋರ್ಡಿನ ಫೋಟೋ ತೆಗೆದು ಬಸ್ಸು ಗುರುತಿಸುವ ಕಾರ್ಡ್ ಮಾಡಬೇಡಿ. ಕ್ಯಾಮೆರಾದಲ್ಲಿ ಅರ್ಧ ಅಕ್ಷರ ಆರಿರುತ್ತದೆ. ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ ಲ್ಯಾಮಿನೇಟ್ ಮಾಡಿ, ಒಂದು ಬದಿ ಕನ್ನಡ, ಇನ್ನೊಂದು ಇಂಗ್ಲಿಷ್. 500 ಎಂದು ಶುರುವಾಗುವ ಬಸ್ಸುಗಳು ಹಲವು, ಅಕ್ಷರ ಬದಲಾದರೆ ದಾರಿಯೇ ಬೇರೆ. ಅಂಕಿ ಕಪ್ಪು, ಅಕ್ಷರ ಕೆಂಪು ಮಾಡಿದ ಮೇಲೆ ತಪ್ಪು ಹತ್ತಕ್ಕೆ ಒಂದಕ್ಕೆ ಇಳಿಯಿತು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣದಿಂದ ಚಿಲ್ಲರೆ ಲೆಕ್ಕದ ಪಾಠವೇ ಬೇಕಾಗಲಿಲ್ಲ, ಆದರೆ ಎಸಿ ಬಸ್ಸಿಗೆ ಅದಿಲ್ಲ. "ಎಸಿ ಬಸ್ ಬೇಡ" ಎಂದು ಪ್ರತ್ಯೇಕ ಕಲಿಸಬೇಕಾಯಿತು. ಹುಡುಗನಿಗೆ ಪಾಸ್ ಮಾಡಿಸಿ.

ಕಿಟಕಿಯಿಂದ ಕಾಣುವ ಗುರುತಿನ ಫೋಟೋವನ್ನು ರಸ್ತೆಯಲ್ಲಿ ನಿಂತು ತೆಗೆದರೆ ಉಪಯೋಗವಿಲ್ಲ. ಎಡಬದಿ ಸೀಟಿನಲ್ಲಿ ಕೂತು, ಅವರ ಕಣ್ಣಿನ ಎತ್ತರದಲ್ಲಿ ತೆಗೆಯಿರಿ. ಜಾಹೀರಾತು ಫಲಕ ಗುರುತಾಗದು, ಎರಡೇ ತಿಂಗಳಿಗೆ ಬದಲಾಯಿತು. ಪಾದಚಾರಿ ಮೇಲ್ಸೇತುವೆ ಗುರುತಿಗೆ ಆಗುತ್ತದೆ. ಮೆಟ್ರೋ ಕಾಮಗಾರಿಗೆ ಸ್ಟಾಪು ಸರಿದಾಗ ವೃತ್ತವೂ ಸುಳ್ಳಾಯಿತು. ಈಗ ತಿಂಗಳಿಗೊಮ್ಮೆ ನಾನೇ ಹೋಗಿ ನೋಡುತ್ತೇನೆ.

ಎಲ್ಲರೂ ಬಿಡುವ ಪಾಠ ಒಂದಿದೆ: ಬೇಕೆಂದೇ ಸ್ಟಾಪು ತಪ್ಪಿಸುವುದು. ಫೋನ್ ಆಫ್ ಮಾಡಿ ಮುಂದಿನ ಸ್ಟಾಪಿಗೆ ಒಯ್ಯುತ್ತೇನೆ. ಇಳಿ, ಶೆಲ್ಟರಿನ ಕೆಳಗೆ ನಿಲ್ಲು, ಫೋನ್ ಆನ್ ಮಾಡು, ಫೋಟೋ ಒತ್ತು. ಪರದೆಯಲ್ಲಿ ಒಂದೇ ಫೋಟೋ, ಒತ್ತಿದರೆ ಮನೆಗೆ ಕರೆ. ರಸ್ತೆ ದಾಟುವಂತಿಲ್ಲ. ಆರೇಳು ಸಲ ಇದಾಗದೆ ನಾನು ಪಕ್ಕದ ಸೀಟು ಬಿಡಲಿಲ್ಲ. ಆಮೇಲೆ ಎರಡು ಸೀಟು ಹಿಂದೆ, ನಂತರ ಸ್ಕೂಟರಿನಲ್ಲಿ ಬಸ್ಸಿನ ಹಿಂದೆ, ಕೊನೆಗೆ ಲೈವ್ ಲೊಕೇಶನ್ ಮಾತ್ರ. ಒಬ್ಬರಿಗೆ ಸುಮಾರು ನಲವತ್ತು ಪ್ರಯಾಣ. ಖರ್ಚು ಎಲ್ಲ ಸೇರಿ ತಲಾ ಎಂಟು ಸಾವಿರ ಇರಬಹುದು, ನನ್ನ ಸಮಯ ಬಿಟ್ಟು.

ಮೂರನೆಯವನು ಹತ್ತುತ್ತಾನೆ, ಸರಿಯಾಗಿ ಇಳಿಯುತ್ತಾನೆ. ಮೇಲ್ಸೇತುವೆಯ ಮೆಟ್ಟಿಲು ಮಾತ್ರ ಹತ್ತಲೊಲ್ಲ, ಹಾಗಾಗಿ ಸಂಜೆ ಅಗರದಲ್ಲಿ ರಸ್ತೆ ದಾಟಿಸಲು ಅವನ ತಂದೆ ಇನ್ನೂ ಬಂದು ನಿಲ್ಲುತ್ತಾರೆ.