ಹಳೆಯ ರಿಪೋರ್ಟುಗಳಿಂದ ನಾರ್ಮಲ್ ರೇಂಜ್ ತೆಗೆದ ನನ್ನ ಅನುಭವ

ಕಿಟ್ಟಿನೊಳಗಿನ ಕಾಗದದಲ್ಲಿ ಅಚ್ಚಾಗಿರುವ ರೇಂಜನ್ನೇ ರಿಪೋರ್ಟಿಗೆ ಇಳಿಸುತ್ತ ಹಾಸನದ ಲ್ಯಾಬಿನಲ್ಲಿ ಹನ್ನೆರಡು ವರ್ಷ ಕಳೆದವನು ನಾನು. ಥೈರಾಯ್ಡ್ ತಪಾಸಣೆಯ ಟಿಎಸ್‌ಎಚ್ ತುಸು ಹೆಚ್ಚೆಂದು ನಾವು ಗುರುತು ಹಾಕಿ ಕಳಿಸಿದ ರಿಪೋರ್ಟುಗಳನ್ನು ಮುಂದಿಟ್ಟುಕೊಂಡು, ಈ ರೇಂಜ್ ಯಾವ ಊರಿನ ಜನರದ್ದೆಂದು ವೈದ್ಯರೊಬ್ಬರು ಫೋನಿನಲ್ಲಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಜನರ ರೇಂಜನ್ನು ನಾವೇ ನಿಯಮದ ಪ್ರಕಾರ ತೆಗೆಯುವುದಾದರೆ ಒಂದೊಂದು ಗುಂಪಿಗೂ ಕನಿಷ್ಠ 120 ಆರೋಗ್ಯವಂತರು ಬೇಕು. ಗಂಡಸರು, ಹೆಂಗಸರು ಸೇರಿ 240 ಜನರ ರಕ್ತ, ಕಿಟ್ಟು, ಓಡಾಟ ಎಲ್ಲ ಕೂಡಿಸಿದರೆ ಎರಡೂವರೆ ಲಕ್ಷದ ಆಸುಪಾಸು ಬರುತ್ತಿತ್ತು. ಮಾಲೀಕರು ಆ ಚೀಟಿಯನ್ನು ಪೂರ್ತಿ ಓದದೆ ಹಿಂತಿರುಗಿಸಿದರು.

ಕಂಪ್ಯೂಟರಿನಲ್ಲಿ ಆರು ವರ್ಷಗಳ ಫಲಿತಾಂಶ ಬಿದ್ದಿತ್ತು, ಟಿಎಸ್‌ಎಚ್ ಒಂದೇ ಸುಮಾರು 40,000. ಅದರಿಂದಲೇ ತೆಗೆಯುತ್ತೇನೆಂದಾಗ ನಮ್ಮ ಪೆಥಾಲಜಿಸ್ಟ್, ಲ್ಯಾಬಿಗೆ ಬರುವವರೆಲ್ಲ ರೋಗಿಗಳೇ ಆಗಿರುವಾಗ ಇದು ಜೊಳ್ಳು ಕುಟ್ಟಿ ಅಕ್ಕಿ ಮಾಡುವ ಕೆಲಸವೆಂದರು. ಅವರ ಮಾತಿನಲ್ಲಿ ಅರ್ಧ ನಿಜವಿತ್ತು, ಆ ಅರ್ಧ ನನಗೆ ಗೊತ್ತಾಗಲು ಎಂಟು ತಿಂಗಳು ಹಿಡಿಯಿತು.

ಡೇಟಾ ಹೊರತೆಗೆದುಕೊಡಲು ಸಾಫ್ಟ್‌ವೇರ್ ಮಾರಿದವರು 18,000 ರೂಪಾಯಿ ಕೇಳಿ, ಚೌಕಾಸಿಯ ನಂತರ 12,000ಕ್ಕೆ ಇಳಿದರು. ಕೈಗೆ ಬಂದ ಕಡತದಲ್ಲಿ ದಿನ ಮತ್ತು ತಿಂಗಳು ಅದಲುಬದಲಾಗಿದ್ದವು, ಅಂಕಿಯ ಜಾಗದಲ್ಲಿ ಅಲ್ಲಲ್ಲಿ 'ರಿಪೀಟ್' ಎಂಬ ಪದವಿತ್ತು, ಒಬ್ಬಳೇ ಲಕ್ಷ್ಮಮ್ಮ ಮೂರು ಕಾಗುಣಿತಗಳಲ್ಲಿ ಮೂವರಾಗಿದ್ದಳು. ಥೈರಾಯ್ಡ್ ಮಾತ್ರೆ ನುಂಗುವವರು ಮೂರು ತಿಂಗಳಿಗೊಮ್ಮೆ ಬರುತ್ತಾರಾದ್ದರಿಂದ, ಪ್ರತಿಯೊಬ್ಬರ ಮೊದಲ ಪರೀಕ್ಷೆಯೊಂದನ್ನೇ ಉಳಿಸಿಕೊಳ್ಳದಿದ್ದರೆ ರಾಶಿಯಲ್ಲಿ ಅವರದ್ದೇ ತೂಕ ಹೆಚ್ಚಾಗುತ್ತದೆ. ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಪತ್ತೆಯ ವಿಡಿಆರ್‌ಎಲ್ ಮೂರೂ ಒಂದೇ ಬಿಲ್ಲಿನಲ್ಲಿದ್ದ ಹೆಂಗಸರನ್ನು ಬಹುಮಟ್ಟಿಗೆ ಗರ್ಭಿಣಿಯರೆಂದು ತಿಳಿದು ಬದಿಗಿಟ್ಟೆ. ಎಲ್ಲ ಜಾಲಾಡಿದ ಮೇಲೆ 40,000ದಲ್ಲಿ ಉಳಿದದ್ದು ಸುಮಾರು 11,000.

ಲೆಕ್ಕಕ್ಕೆ ಮೊದಲು ಹಿಡಿದದ್ದು, ರೋಗಿಗಳೂ ಬೆರೆತ ರಾಶಿಯಿಂದ ಆರೋಗ್ಯವಂತರ ರೇಂಜ್ ತೆಗೆಯುವ 1963ರ ಹಾಫ್‌ಮನ್ ವಿಧಾನವನ್ನು. ಆರೋಗ್ಯವಂತರ ನಡುವಿನ ಶೇಕಡಾ 95 ಭಾಗವೇ ನಾರ್ಮಲ್ ರೇಂಜ್. ಸಂಚಿತ ಶೇಕಡಾವಾರನ್ನು ಎಕ್ಸೆಲ್‌ನ ಸಾಧಾರಣ ಅಕ್ಷದ ಮೇಲೆ ಹಾಕಿ, ನಡುವಿನ ನೇರ ಭಾಗಕ್ಕೆ ಗೆರೆ ಎಳೆದು, ಶೇಕಡಾ 2.5 ಮತ್ತು 97.5ರವರೆಗೆ ಚಾಚಿದೆ. ಬಂದ ರೇಂಜ್ ಎಷ್ಟು ಕಿರಿದಾಗಿತ್ತೆಂದರೆ, ನಮ್ಮ ಸಿಬ್ಬಂದಿಯಲ್ಲೇ ನಾಲ್ವರಿಗೊಬ್ಬರು ರೋಗಿಗಳಾಗುತ್ತಿದ್ದರು. ಪೆಥಾಲಜಿಸ್ಟ್ ನಕ್ಕರು, ನಾನು ಎರಡು ತಿಂಗಳು ಆ ಕಡತ ಮುಟ್ಟಲಿಲ್ಲ. ತಪ್ಪು ಎಲ್ಲಿತ್ತೆಂದರೆ, ಹಾಫ್‌ಮನ್ ಬಳಸಿದ್ದು ಗಂಟೆಯಾಕಾರದ ಹರಡುವಿಕೆ ನೇರ ಗೆರೆಯಾಗಿ ಕಾಣುವ ಪ್ರಾಬಬಿಲಿಟಿ ಕಾಗದವನ್ನು, ಮಾಮೂಲಿ ಗ್ರಾಫ್ ಕಾಗದವನ್ನಲ್ಲ. ಸಾಧಾರಣ ಅಕ್ಷದಲ್ಲಿ ಆ ಗೆರೆ ಸರಾಸರಿಯಿಂದ 1.96 ಎಸ್‌ಡಿ (ಹರಡುವಿಕೆಯ ಅಳತೆ) ಮುಟ್ಟಬೇಕಾದಲ್ಲಿ ಸುಮಾರು 1.2ಕ್ಕೇ ನಿಂತುಬಿಡುತ್ತದೆ. ಇದೇ ತಪ್ಪು ಅಚ್ಚಾದ ಪ್ರಬಂಧಗಳಲ್ಲೂ ಇದೆಯೆಂದು ಆಮೇಲೆ ತಿಳಿದು ಸ್ವಲ್ಪ ಸಮಾಧಾನವಾಯಿತು. ಟಿಎಸ್‌ಎಚ್‌ನ ಬಲಬಾಲ, ಅಂದರೆ ಹೆಚ್ಚಿನ ಅಂಕಿಗಳ ಕಡೆಯ ಹರಡುವಿಕೆ, ಉದ್ದವಿರುವುದರಿಂದ ಲಾಗ್ (ಲಾಗರಿದಮ್) ತೆಗೆದುಕೊಂಡು ಸರಿಯಾದ ಅಕ್ಷದಲ್ಲಿ ಹಾಕಿದಾಗ ಗೆರೆ ಸ್ಕೇಲಿಟ್ಟು ಎಳೆದಂತೆ ನಿಂತಿತು. ಇದೇ ಕೆಲಸಕ್ಕೆ ಬಳಸುವ ಭಟ್ಟಾಚಾರ್ಯರ 1967ರ ವಿಧಾನದಲ್ಲೂ, ಕಾಸು ಖರ್ಚಿಲ್ಲದೆ ಸಿಗುವ ರಿಫೈನ್‌ಆರ್ ಎಂಬ ಸಾಫ್ಟ್‌ವೇರ್‌ನಲ್ಲೂ ಮಾಡಿ ನೋಡಿದೆ. ಮೂರರ ಮೇಲ್ಮಿತಿಯೂ 5.2ರಿಂದ 5.6ರೊಳಗೆ ಬಂತು, ಕಿಟ್ಟಿನಲ್ಲಿದ್ದದ್ದು 4.2.

ನಡುವೆ ಪೊಟ್ಯಾಸಿಯಂ ಕಡೆಗೆ ಹೊರಳಿದ್ದು ಬರೀ ಕುತೂಹಲದಿಂದ. ತಿಂಗಳವಾರು ಮಧ್ಯಮಾಂಕ ಹಾಕಿ ನೋಡಿದರೆ, ಸಕಲೇಶಪುರದ ಕಡೆಯಿಂದ ಬಂದ ಸ್ಯಾಂಪಲ್‌ಗಳಲ್ಲಿ ಜುಲೈ, ಆಗಸ್ಟ್‌ನಲ್ಲಿ 0.3ರಷ್ಟು ಏರಿಕೆ ಕಾಣುತ್ತಿತ್ತು, ಹಾಸನದಲ್ಲೇ ತೆಗೆದ ರಕ್ತದಲ್ಲಿ ಕಾಣುತ್ತಿರಲಿಲ್ಲ. ಸೀರಂ ಬೇರ್ಪಡಿಸದ ಟ್ಯೂಬುಗಳು ಮಳೆಗಾಲದ ಥಂಡಿಯಲ್ಲಿ, ಅದೂ ಐಸ್ ಪೆಟ್ಟಿಗೆಯಲ್ಲಿ ಕೂತು ಬಸ್ಸಿನಲ್ಲಿ ಬರುತ್ತಿದ್ದವು. ಪೊಟ್ಯಾಸಿಯಂ ಅನ್ನು ಒಳಗೇ ಹಿಡಿದಿಡುವ ಕೆಂಪುಕಣದ ಪಂಪು ತಣ್ಣಗಾದಾಗ ನಿಧಾನಗೊಳ್ಳುವುದರಿಂದ ಅದು ಹೊರಗೆ ಸೋರುತ್ತದೆ. ಹಾಗಾಗಿ ಆ ಭಾಗಕ್ಕೆ ಬೇರೆ ರೇಂಜ್ ಮಾಡುವ ಯೋಚನೆ ಬಿಟ್ಟು, 14,000ಕ್ಕೆ ಸೀರಂ ಬೇರ್ಪಡಿಸುವ ಹಳೆಯ ಸೆಂಟ್ರಿಫ್ಯೂಜ್ ಒಂದನ್ನು ಕೊಂಡು ಅಲ್ಲಿಟ್ಟೆವು. ಮರುವರ್ಷದ ಆಷಾಢದಲ್ಲಿ ಆ ಏರಿಕೆ ಕಾಣಲಿಲ್ಲ. ಕಿಡ್ನಿ ತಪಾಸಣೆಯ ಕ್ರಿಯಾಟಿನಿನ್‌ನಲ್ಲಿ ನಾವು ಜಾಫೆ ಎಂಬ ಹಳೆಯ ಪರೀಕ್ಷಾ ವಿಧಾನದಿಂದ ಎಂಜೈಮ್ಯಾಟಿಕ್ ವಿಧಾನಕ್ಕೆ ಬದಲಾದ ದಿನಾಂಕವನ್ನು ಮರೆತು ಎರಡೂ ರಾಶಿಗಳನ್ನು ಬೆರೆಸಿದ್ದರಿಂದ ಒಂದು ವಾರದ ಲೆಕ್ಕ ಹಾಳಾಯಿತು. ಅದು ಪೂರ್ತಿ ನನ್ನದೇ ತಪ್ಪು.

ಪೆಥಾಲಜಿಸ್ಟ್ ಒಪ್ಪಿದ್ದು ಮಾತಿನಿಂದಲ್ಲ. ಥೈರಾಯ್ಡ್ ತೊಂದರೆಯಿಲ್ಲದ, ಮಾತ್ರೆ ನುಂಗದ 20 ಜನರ ರಕ್ತ ತೆಗೆದು ಹೊಸ ರೇಂಜಿಗೆ ಹಿಡಿಯೋಣ, ಇಬ್ಬರಿಗಿಂತ ಹೆಚ್ಚು ಜನ ಹೊರಗೆ ಬಿದ್ದರೆ ಕೈಬಿಡುತ್ತೇನೆಂದೆ. ಹೊರಗೆ ಬಿದ್ದವನು ಒಬ್ಬ. ಸೆಂಟ್ರಿಫ್ಯೂಜ್ ಬಿಟ್ಟು ಒಟ್ಟು ಖರ್ಚಾದದ್ದು 20,000ದ ಒಳಗೆ. ಅವರು ಮರುದಿನವೇ ಸಹಿ ಹಾಕಿದರು, ಪರೀಕ್ಷೆಗೆ ಬಳಸುವ ರೀಏಜೆಂಟಿನ ತಯಾರಿಕಾ ಕಂತು (ಲಾಟ್) ಬದಲಾದಾಗಲೆಲ್ಲ ಮಧ್ಯಮಾಂಕ ತೋರಿಸಬೇಕೆಂಬ ಷರತ್ತಿನೊಂದಿಗೆ.

ಅವರ ಜೊಳ್ಳಿನ ಮಾತು ನಿಜವಾದದ್ದು ಹೆಂಗಸರ ಹಿಮೋಗ್ಲೋಬಿನ್‌ನಲ್ಲಿ. ರಾಶಿಯಲ್ಲಿ ಆರೋಗ್ಯವಂತರೇ ಹೆಚ್ಚಿರಬೇಕೆಂಬುದು ಈ ವಿಧಾನಗಳೆಲ್ಲದರ ಬುಡದಲ್ಲಿರುವ ಷರತ್ತು, ಆದರೆ ನಮ್ಮ ರಾಜ್ಯದಲ್ಲಿ ಅರ್ಧದ ಹತ್ತಿರ ಹೆಂಗಸರಿಗೆ ರಕ್ತಹೀನತೆಯಿದೆ. ಎಷ್ಟು ಜಾಲಾಡಿದರೂ ಕೆಳಮಿತಿ 9.5ರ ಸುತ್ತಲೇ ಬಂತು. ಅದನ್ನು ಅಚ್ಚು ಹಾಕಿದರೆ ಕಬ್ಬಿಣದ ಮಾತ್ರೆ ಬೇಕಾದ ಹೆಂಗಸಿಗೆ ನಾರ್ಮಲ್ ಎಂಬ ರಿಪೋರ್ಟ್ ಹೋಗುತ್ತಿತ್ತು. ಅಲ್ಲಿ ಇವತ್ತಿಗೂ ವಿಶ್ವ ಆರೋಗ್ಯ ಸಂಸ್ಥೆಯ 12ನ್ನೇ ಹಾಕುತ್ತೇವೆ.