ಮೊದಲ ಯಾನಕ್ಕೆ ಮುನ್ನ: ಹಾಯಿನೌಕೆಯ ಸಿಬ್ಬಂದಿಗೆ ಕೆಲವು ಸೂಚನೆಗಳು

ಹೊಸ ಹಾಯಿನೌಕೆಯನ್ನು ಯಾನಕ್ಕೆ ಸಜ್ಜುಗೊಳಿಸುವಾಗ, ಹೊರಡುವುದಕ್ಕೆ ಕೆಲವು ದಿನ ಮೊದಲೇ ಸಿಬ್ಬಂದಿಯೆಲ್ಲರೂ ನೌಕೆಯಲ್ಲೇ ಅಡುಗೆ ಮಾಡಿಕೊಂಡು ಅಲ್ಲೇ ಮಲಗುವುದು ಒಳಿತು; ಸೋರುವ ಕಿಟಕಿ, ಕೈಗೆಟುಕದ ಸ್ವಿಚ್ಚು, ಒಬ್ಬರಿಗೊಬ್ಬರು ಅಡ್ಡವಾಗುವ ಇಕ್ಕಟ್ಟು, ಇವೆಲ್ಲ ಬಂದರಿನಲ್ಲಿರುವಾಗಲೇ ತಿಳಿದುಬರುತ್ತವೆ.

ಎಲ್ಲಕ್ಕಿಂತ ಹೆಚ್ಚಿನ ಗಮನ ನೌಕೆಯ ತಳಕ್ಕೆ ಸಲ್ಲಬೇಕು. ನೀರಿನ ಮಟ್ಟಕ್ಕಿಂತ ಕೆಳಗಿರುವ ಪ್ರತಿಯೊಂದು ಕವಾಟವನ್ನೂ (ತಳದ ರಂಧ್ರಕ್ಕೆ ಜೋಡಿಸಿದ ಪೈಪನ್ನು ತೆರೆದು ಮುಚ್ಚುವ ವಾಲ್ವನ್ನೂ) ಪ್ರತಿಯೊಬ್ಬರೂ ತಮ್ಮ ಕೈಯಿಂದಲೇ ತೆರೆದು ಮುಚ್ಚಿ ನೋಡಬೇಕು. ಆ ರಂಧ್ರಕ್ಕೆ ಹೊಂದುವ ಮೆದು ಮರದ ಬಿರಡೆಯೊಂದನ್ನು ಅದರ ಪಕ್ಕದಲ್ಲೇ ದಾರದಿಂದ ಕಟ್ಟಿಡಬೇಕು. ಕತ್ತಲಲ್ಲಿ ಪೈಪು ಕಿತ್ತುಬಂದರೆ ಬಿರಡೆಯನ್ನು ಹುಡುಕುತ್ತ ಕೂರಲು ಸಮಯವಿರುವುದಿಲ್ಲ. ತಳದಲ್ಲಿ ಜೋಡಿಸಿಡುವ ಆಹಾರದ ಡಬ್ಬಿಗಳ ಕಾಗದದ ಲೇಬಲ್‌ಗಳನ್ನು ಕಿತ್ತು, ಒಳಗಿರುವುದೇನೆಂಬುದನ್ನು ಅಳಿಸದ ಶಾಯಿಯಲ್ಲಿ ಬರೆಯಬೇಕು, ಏಕೆಂದರೆ ನೆನೆದು ಕಳಚಿದ ಕಾಗದವು ನೀರು ಹೊರಹಾಕುವ ಪಂಪಿನ ಬಾಯಿಯನ್ನೇ ಕಟ್ಟಿಬಿಡುತ್ತದೆ. ಇದು ಸಣ್ಣ ಕೆಲಸವೆನಿಸಿದರೂ ನನ್ನ ದೃಷ್ಟಿಯಲ್ಲಿ ಬಿಡಲಾಗದ ಕೆಲಸ.

ರಾತ್ರಿ ಪಾಳಿಯನ್ನು 3 ಅಥವಾ 4 ಗಂಟೆಗಳಂತೆ ಮೊದಲೇ ಹಂಚಿಕೊಳ್ಳಿ. ನೌಕೆಗಳು ಮಾತನಾಡಲು ಬಳಸುವ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್‌ನಲ್ಲಿ ಅಪಾಯದ ಕರೆ ನೀಡುವ ಕ್ರಮವನ್ನು ಅಡುಗೆಯ ಹೊಣೆ ಹೊತ್ತವರೂ ಕಲಿತಿರಬೇಕು.

ಹಾಯಿಕಂಬವನ್ನು ಹಿಡಿದು ನಿಲ್ಲಿಸುವ ಹೊಸ ತಂತಿಗಳು ಭಾರ ಬಿದ್ದಾಗ ಸ್ವಲ್ಪ ಹಿಗ್ಗುವುದರಿಂದ, ಗಾಳಿಯಿರುವ ದಿನ ಪರೀಕ್ಷಾ ಯಾನ ಮಾಡಿ, ಹಿಂತಿರುಗಿದ ಮೇಲೆ ಅವುಗಳನ್ನು ಮತ್ತೊಮ್ಮೆ ಬಿಗಿಗೊಳಿಸಬೇಕು.